ಲಿಸ್ಬನ್ನಿನ ಗೋಡೆಗೆ ಚನ್ನಪಟ್ಟಣದ ಕುಂಕುಮ

ಗೋಡೆ ನೋಡಿ ಊರಿನ ಹಣೆಬರಹ ಹೇಳುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಚನ್ನಪಟ್ಟಣ ತಾಲ್ಲೂಕಿನಲ್ಲಿ ಇಲ್ಲವೆಂದು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ರಸ್ತೆ ಬದಿಯಲ್ಲಿ ಗೊಂಬೆ ಅಂಗಡಿ ಇಟ್ಟವನಿಗೆ ಇದು ತಾನಾಗಿ ಬರುವ ವಿದ್ಯೆ. ಗೋಡೆಯ ಮೇಲೆ ಸಿಮೆಂಟಿನ ಜಾಹೀರಾತಿದ್ದರೆ ಮನೆಯವರು ಸಾಧುಗಳು. ಚುನಾವಣೆಯ ಚಿಹ್ನೆ ಇದ್ದರೆ ಮನೆಯವರನ್ನು ಯಾರೂ ಕೇಳಿಲ್ಲ. ಕೆಂಪು ಬಣ್ಣದಲ್ಲಿ ಒಂದು ಬಾಣ, ಅದರ ಪಕ್ಕ ಒಂದು ಅಂಕಿ ಇದ್ದರೆ ಮುಗಿಯಿತು. ಅದು ಮಾರ್ಕಿಂಗು! ಅಲ್ಲಿಯವರೆಗಿನ ಗೋಡೆ ರಸ್ತೆಗೆ ಸೇರಿತು.

ಈ ಮಾರ್ಕಿಂಗಿನ ಗಾಯ ನಮ್ಮ ಮನೆಯಲ್ಲಿ ಇನ್ನೂ ಹಸಿಯಾಗಿದೆ. ರಸ್ತೆ ಅಗಲ ಮಾಡುವವರು ಗುರುತು ಹಾಕಿ ಹೋದಾಗ ಪಕ್ಕದ ಅಂಗಡಿಯ ಪುಟ್ಟಸ್ವಾಮಣ್ಣ ತನ್ನ ಗುರುತನ್ನು ಉಜ್ಜಿ ಅಳಿಸಿ, ಎರಡಡಿ ರಸ್ತೆಯ ಕಡೆಗೆ ಸರಿಸಿ ಹಾಕಿಕೊಂಡ. ನಾನು ಸರ್ಕಾರದ ಗುರುತನ್ನು ಮುಟ್ಟಬಾರದೆಂದು ಕೈಕಟ್ಟಿ ಕೂತೆ. ಅವನ ಜಗಲಿ ಉಳಿಯಿತು, ನನ್ನದು ಹೋಯಿತು. ಅಂದಿನಿಂದ ನನ್ನ ಹೆಂಡತಿ ಸಾಕಮ್ಮ ಸಂಜೆಯಾದರೆ ಪುಟ್ಟಸ್ವಾಮಣ್ಣನ ಜಗಲಿಯ ಮೇಲೆ ಕೂತು ಹೂ ಕಟ್ಟುತ್ತಾಳೆ. ಬೇಕೆಂದೇ!

ಇಂಥ ನಮಗೆ ಯೂರೋಪಿನ ಎರಡು ಗೊಂಬೆ ಮೇಳಗಳಿಂದ ಕರೆ ಬಂತು. ಮೊದಲು ಬರ್ಲಿನ್, ಆಮೇಲೆ ಲಿಸ್ಬನ್. ಬರ್ಲಿನ್ನಿನಲ್ಲಿ ರೈಲು ಇಳಿದು ಹೊರಗೆ ಬಂದವನೇ ಹೌಹಾರಿದೆ. ಗೋಡೆ, ಸೇತುವೆ, ಕಂಬ, ಕಸದ ಡಬ್ಬ, ಎಲ್ಲದರ ಮೇಲೂ ಗೀಚಾಟ. ಊದಿಕೊಂಡ ಅಕ್ಷರಗಳು, ಮೂರು ಕಣ್ಣಿನ ಬೆಕ್ಕು, ಕೋಟು ತೊಟ್ಟ ಪಾರಿವಾಳ. ಇಷ್ಟೆಲ್ಲ ಬರೆಯುವ ತನಕ ಪೊಲೀಸರು ಏನು ಮಾಡುತ್ತಿದ್ದರು? ಗೋಡೆ ಕಾಯದವರು ನಮ್ಮನ್ನು ಕಾಯುತ್ತಾರೆಯೇ? ನಾನು ಪಾಸ್‌ಪೋರ್ಟುಗಳನ್ನು ಬನಿಯನ್ನಿನ ಒಳಗೆ ಇಳಿಸಿದೆ. ಮೇಳದ ಬಾಗಿಲಲ್ಲಿ ಅವನ್ನು ಕೇಳಿದಾಗ ಎಲ್ಲರೆದುರು ಅಂಗಿಯ ಗುಂಡಿ ಬಿಚ್ಚಬೇಕಾಯಿತು.

ಸಾಕಮ್ಮನಿಗೆ ಮಾತ್ರ ಇದೆಲ್ಲ ಹಬ್ಬ. "ಸಂಕ್ರಾಂತಿಲಿ ನಮ್ ಎತ್ತಿನ್ ಕೊಂಬಿಗೂ ಇಷ್ಟ್ ಚಂದಾಗಿ ಬಣ್ಣ ಬಳಿಯಾಕಿಲ್ಲ ಕಣ್ರೀ" ಎಂದು ಗೋಡೆ ಗೋಡೆಯ ಫೋಟೊ ತೆಗೆದಳು. ನಾನು ಅವಳ ಕೈಚೀಲದ ಮೇಲೆ ಕಣ್ಣಿಟ್ಟು ಹಿಂದೆಯೇ ನಿಂತೆ. ಹಾಗೆ ನಿಂತ ನನ್ನನ್ನೇ ಜೇಬುಗಳ್ಳನೆಂದು ತಿಳಿದು ದಾರಿಹೋಕ ಹೆಂಗಸೊಬ್ಬಳು ಸಾಕಮ್ಮನಿಗೆ ಸನ್ನೆ ಮಾಡಿ ಎಚ್ಚರಿಸಿದಳು. ಸಾಕಮ್ಮ ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡಳು.

ಲಿಸ್ಬನ್ನಿನಲ್ಲಿ ನಮಗೆ ಒಬ್ಬ ಅಜ್ಜಿಯ ಮನೆಯಲ್ಲಿ ತಂಗುವ ಏರ್ಪಾಡಾಗಿತ್ತು. ಹೆಸರು ಅಮೇಲಿಯಾ. ಗಂಡ ಟ್ರಾಮ್ ಓಡಿಸುತ್ತಿದ್ದವರಂತೆ, ತೀರಿಹೋಗಿದ್ದರು. ನಡುಮನೆಯಲ್ಲಿ ಅವರ ಫೋಟೊ, ಅದರ ಮುಂದೊಂದು ದೀಪ. ಎರಡೂ ಕೆನ್ನೆ ತುಂಬಿದ ಭರ್ಜರಿ ಮೀಸೆ. ನಾವು ಹೋದ ದಿನ ಆ ಮನೆಯ ಪಕ್ಕದ ಗೋಡೆ ಹೊಸದಾಗಿ ಸುಣ್ಣ ಹೊಡೆದು ಬೆಳ್ಳಗಿತ್ತು. ಇಡೀ ಬೀದಿಯಲ್ಲಿ ಮರ್ಯಾದಸ್ಥ ಗೋಡೆ ಇದೊಂದೇ ಎಂದು ನಾನು ನೆಮ್ಮದಿಯಾದೆ. ಮರುದಿನ ಶನಿವಾರ ಮೇಳದಿಂದ ಹಿಂತಿರುಗಿ ನೋಡಿದರೆ ಗೋಡೆ ತುಂಬ ಕೆಂಪು ಬಾಣಗಳು, ಸೊನ್ನೆಗಳು, ಅಂಕಿಗಳು. ಮಾರ್ಕಿಂಗು! ಸಾಕಮ್ಮ ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಯಾರ ಜಗಲಿ ನೆನಪಾಗಿದೆ ಎಂದು ನಾನು ಕೇಳಲಿಲ್ಲ.

ಅಜ್ಜಿಗೂ ನಮಗೂ ನಡುವೆ ಮಾತು ಸಾಗಿಸುತ್ತಿದ್ದುದು ಫೋನು. ನಾವು ಕನ್ನಡದಲ್ಲಿ ಹೇಳಿದರೆ ಅದು ಅವರ ಭಾಷೆಯಲ್ಲಿ ಹೇಳುತ್ತಿತ್ತು. ಗೋಡೆಗೆ ಯಾರೋ ಗುರುತು ಹಾಕಿದ್ದಾರೆ, ಗೊತ್ತೇ ಎಂದು ಕೇಳಿದೆ. ಅಜ್ಜಿ ಮುಖ ಅರಳಿಸಿ ಏನೋ ಹೇಳಿದರು. ಫೋನು ಗಂಭೀರವಾಗಿ ನುಡಿಯಿತು: "ಹೌದು. ಸೋಮವಾರ ಯಂತ್ರ ಬರುತ್ತದೆ. ಆಮೇಲೆ ನನ್ನ ಗಂಡ ಬರುತ್ತಾರೆ."

ನಾನೂ ಸಾಕಮ್ಮನೂ ಮುಖ ಮುಖ ನೋಡಿಕೊಂಡೆವು. ನಡುಮನೆಯಲ್ಲಿ ದೀಪ ಉರಿಯುತ್ತಿತ್ತು.

"ಪಾಪ, ತಲೆ ಕೆಟ್ಟೋಗೈತೆ" ಎಂದಳು ಸಾಕಮ್ಮ. "ಗೋಡೆ ಹೋಯ್ತದೆ ಅಂತ ಅರುವೇ ಇಲ್ಲ ಇವಮ್ಮುಂಗೆ. ಈ ಸಲನಾದ್ರೂ ಏನಾರಾ ಮಾಡ್ರಿ."

ಈ ಸಲನಾದರೂ! ಆ ಒಂದು ಮಾತು ನನ್ನ ಪೌರುಷವನ್ನು ಬಡಿದೆಬ್ಬಿಸಿತು. ಒಬ್ಬ ಅನಾಥ ವೃದ್ಧೆಯ ಸ್ಥಿರಾಸ್ತಿಯ ರಕ್ಷಣೆಯ ಭಾರ ನನ್ನ ಹೆಗಲೇರಿತು. ಭಾನುವಾರ ಬೆಳಿಗ್ಗೆ ಅಜ್ಜಿ ಚರ್ಚಿಗೆ ಹೊರಟ ಮೇಲೆ ನಾವಿಬ್ಬರೂ ಬಕೆಟ್ಟು, ಟವೆಲ್ಲು, ಕುರ್ಚಿಯೊಂದಿಗೆ ಕಾರ್ಯಕ್ಷೇತ್ರಕ್ಕೆ ಇಳಿದೆವು. ಗುರುತು ಸೀಮೆಸುಣ್ಣದ್ದು, ಒದ್ದೆ ಬಟ್ಟೆ ತಾಗಿದರೆ ಹೋಗುತ್ತಿತ್ತು. ಯೂರೋಪಿನವರು ಮನೆ ಒಡೆಯುವುದರಲ್ಲೂ ಎಷ್ಟು ಮೃದು ಎಂದುಕೊಂಡೆ. ಕುರ್ಚಿ ಹತ್ತಿದರೂ ನನ್ನ ಕೈಗೆ ಎಟುಕಿದ್ದು ಕೆಳಗಿನ ಸಾಲು ಮಾತ್ರ. ಅದನ್ನು ಒರೆಸಿ, ಪಕ್ಕದ ಗಲ್ಲಿಯ ಕಡೆಗೆ ಎರಡಡಿ ಸರಿಸಿ ಮತ್ತೆ ಬರೆಯಬೇಕು. ಬರೆಯಲು ಕೆಂಪು? ಸಾಕಮ್ಮ ಹಿಂದೆಮುಂದೆ ನೋಡದೆ ತನ್ನ ಕುಂಕುಮದ ಭರಣಿಗೆ ಕೊಬ್ಬರಿ ಎಣ್ಣೆ ಸುರಿದು ಕಲಸಿ ಕೊಟ್ಟಳು. ತೋರುಬೆರಳಿನಲ್ಲಿ ಬಾಣಕ್ಕೆ ಬಾಣ, ಸೊನ್ನೆಗೆ ಸೊನ್ನೆ ಇಟ್ಟೆ. ಪುಟ್ಟಸ್ವಾಮಣ್ಣ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ.

ಸೋಮವಾರ ನಾವು ಮೇಳಕ್ಕೆ ಹೊರಡುವಾಗಲೇ ಉದ್ದ ತೋಳಿನ ಯಂತ್ರ ಬಂದು ನಿಂತಿತ್ತು. ಒಡೆಯುವವರು ಗುರುತಿನ ಪ್ರಕಾರ ಒಡೆಯಲಿ, ಅಜ್ಜಿಗೆ ಎರಡಡಿ ಲಾಭ ಎಂದು ಒಳಗೊಳಗೇ ನಕ್ಕೆ. ಮಧ್ಯಾಹ್ನ ವಾಪಸು ಬಂದಾಗ ಗೋಡೆ ನೆಟ್ಟಗೆ ನಿಂತಿತ್ತು. ಅದರ ಮೇಲೆ ಎರಡಾಳೆತ್ತರಕ್ಕೆ ಅಜ್ಜಿಯ ಗಂಡ!

ಟ್ರಾಮಿನವರ ಟೋಪಿ, ನಗುವ ಕಣ್ಣು, ಚೂಪು ಮೂಗು, ಎಲ್ಲ ಜೀವಂತವಾಗಿದ್ದವು. ಆದರೆ ಮೂಗಿನ ಕೆಳಗೆ ಮೀಸೆ ಇರಲಿಲ್ಲ. ಅದು ಗಲ್ಲಿಯ ಕಡೆಗೆ ಎರಡಡಿ ಸರಿದು ಕಿವಿಯ ಕೆಳಗೆ ನೇತಾಡುತ್ತಿತ್ತು.

ಯಂತ್ರದ ತೊಟ್ಟಿಲಲ್ಲಿ ನಿಂತ ಚಿತ್ರಗಾರ ಹೆಂಗಸು ಒಮ್ಮೆ ತನ್ನ ಫೋನು, ಒಮ್ಮೆ ಗೋಡೆ ನೋಡುತ್ತಿದ್ದಳು. ಕೆಳಗೆ ಅಜ್ಜಿ, ಅಕ್ಕಪಕ್ಕದವರು ಸೇರಿದ್ದರು. ಚಿತ್ರದ ಯಾವ ಭಾಗ ಗೋಡೆಯಲ್ಲಿ ಎಲ್ಲಿ ಬರಬೇಕೆಂದು ತಿಳಿಯಲು ಮೊದಲೇ ಗುರುತು ಹಾಕಿ ಫೋಟೊ ತೆಗೆದುಕೊಂಡು, ಆ ಗುರುತು ಹಿಡಿದೇ ಬಣ್ಣ ಬಳಿಯುತ್ತಾರಂತೆ. ಕೆಳಗಿನ ಸಾಲು ಅದು ಹೇಗೋ ಜಾಗ ಬಿಟ್ಟು ಓಡಿದೆ ಎಂದು ಆಕೆ ಹೇಳುತ್ತಿರುವುದನ್ನು ಫೋನು ನಮಗೆ ತಿಳಿಸಿತು. ಆಕೆ ಕೆಳಗಿಳಿದು ಒಂದು ಬಾಣವನ್ನು ಮುಟ್ಟಿದಳು. ಬೆರಳಿಗೆ ಕೆಂಪು ಅಂಟಿತು. ಮೂಸಿದಳು. ಆಮೇಲೆ ನಿಧಾನವಾಗಿ ತಿರುಗಿ ಸಾಕಮ್ಮನ ಹಣೆ ನೋಡಿದಳು. ಇಡೀ ಬೀದಿ ಸಾಕಮ್ಮನ ಹಣೆ ನೋಡಿತು.

ನನ್ನ ಹಣೆ ಖಾಲಿ ಇತ್ತು. ಆ ಧೈರ್ಯದ ಮೇಲೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಸಾಕಮ್ಮ ನನ್ನ ಬಲಗೈ ಹಿಡಿದೆತ್ತಿ ಎಲ್ಲರಿಗೂ ತೋರಿಸಿದಳು. ತೋರುಬೆರಳು ಇನ್ನೂ ಕೆಂಪಗಿತ್ತು.

ಮಾರ್ಕಿಂಗು, ಜಗಲಿ, ಪುಟ್ಟಸ್ವಾಮಣ್ಣ, ಎಲ್ಲವನ್ನೂ ಫೋನಿಗೆ ಹೇಳಿದೆ. ಅದು ಏನೆಂದು ತಿರುಗಿಸಿತೋ ತಿಳಿಯದು. ಗಂಡ ಗೋಡೆಯ ಮೇಲೆ ಬರುತ್ತಾನೆಂದು ಆ ಜೀವ ಎಷ್ಟು ದಿನದಿಂದ ಕಾದಿತ್ತೋ ಏನೋ. ನನಗೆ ನಿಜವಾಗಿ ನಾಚಿಕೆಯಾಯಿತು. ಅಜ್ಜಿ ಮೀಸೆಯನ್ನು ನೋಡಿದರು. ಗಲ್ಲಿಯಾಚೆಯ ಕಿಟಕಿಯೊಂದನ್ನು ನೋಡಿದರು. ಆಮೇಲೆ ಮೆಲ್ಲಗೆ ಏನೋ ಅಂದರು. ಬೀದಿಯವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಫೋನು ಸ್ವಲ್ಪ ತಡವಾಗಿ ಹೇಳಿತು: "ಆ ಕಿಟಕಿಯಲ್ಲಿ ಒಬ್ಬಳಿದ್ದಳು. ಬದುಕಿದ್ದಾಗಲೂ ಇವನ ಮೀಸೆ ಆ ಕಡೆಗೇ ತಿರುಗುತ್ತಿತ್ತು. ಈಗಲಾದರೂ ಜಾಗಕ್ಕೆ ತನ್ನಿ."

ಮರುದಿನ ಮೀಸೆ ಜಾಗಕ್ಕೆ ಬಂತು. ಒದ್ದೆ ಟವೆಲ್ಲು ಹಿಡಿದು ನಿಲ್ಲುವ ಕೆಲಸವನ್ನು ನನಗೇ ಕೊಟ್ಟರು. ಆದರೆ ಸಾಕಮ್ಮ ಅಷ್ಟರಲ್ಲೇ ಸರಿದ ಮೀಸೆಯ ಫೋಟೊ ತೆಗೆದುಕೊಂಡಿದ್ದಳು.

ಊರಿಗೆ ಬಂದು ನೋಡುತ್ತೇನೆ, ನಮ್ಮ ಅಂಗಡಿಯ ಗೋಡೆಯ ಮೇಲೆ ಹೊಸ ಕೆಂಪು ಬಾಣ, ಪಕ್ಕದಲ್ಲಿ ಅಂಕಿ! ಪುಟ್ಟಸ್ವಾಮಣ್ಣ ಆಗಲೇ ತನ್ನ ಗೋಡೆ ಉಜ್ಜುತ್ತಿದ್ದ. "ಚರಂಡಿಯೋರು ಹಾಕವ್ರೆ ಕಣ್ಲಾ, ಬೇಗ ಸರ್ಸು" ಎಂದ. ನಾನು ದೇಶ ಸುತ್ತಿ ಬಂದವನು. ಗುರುತನ್ನೆಲ್ಲ ಅನುಮಾನದಿಂದ ನೋಡಬಾರದು, ಅದರ ಹಿಂದೆ ಯಾರ ಯಾವ ಕನಸು ಇರುತ್ತದೋ ಎಂದು ಅವನಿಗೆ ಅರ್ಧ ಗಂಟೆ ಬೋಧಿಸಿದೆ. ಅವನು ಕೇಳುತ್ತಲೇ ತನ್ನ ಬಾಣವನ್ನು ಸರಿಸಿ ಮುಗಿಸಿದ.

ಆ ವಾರವೇ ಯಂತ್ರ ಬಂತು. ನಮ್ಮ ಅಂಗಡಿಯ ಮೆಟ್ಟಿಲು ಹೋಯಿತು. ಈಗ ಚರಂಡಿಯ ಮೇಲೆ ಹಲಗೆ ಹಾಕಿದ್ದೇವೆ. ಅದನ್ನು ದಾಟಿ ಬಂದ ಪ್ರತಿ ಗಿರಾಕಿಗೂ ಸಾಕಮ್ಮ ಮೊದಲು ಗೊಂಬೆ ತೋರಿಸುವುದಿಲ್ಲ, ಫೋಟೊ ತೋರಿಸುತ್ತಾಳೆ.

"ಅಲ್ಲಿ ಸತ್ತೋನ್ ಮೀಸೆ ಸರ್ಸ್‌ಬುಟ್ಟು ಬಂದ್ರು ನಮ್ಮೆಜಮಾನ್ರು. ಇಲ್ಲಿ ಬದ್ಕಿರೋರ್ ಮೆಟ್ಲು ಉಳುಸ್ಕೊಳ್ಳಾಕೆ ಆಗ್ನಿಲ್ಲ."

ಗಿರಾಕಿಗಳು ನಕ್ಕು ನಕ್ಕು ವಾಲಾಡುತ್ತಾರೆ. ಅವರು ಚರಂಡಿಗೆ ಬೀಳದಂತೆ ನಾನು ಹೊರಗೆ ಕುಕ್ಕರುಗಾಲಲ್ಲಿ ಕೂತು ಹಲಗೆ ಹಿಡಿದುಕೊಂಡಿರುತ್ತೇನೆ.