ಮುನಿಸಿಪ್ಪನಿಂದ ಮುನ್ಸೀಫನವರೆಗೆ

ನಾನು ಕನ್ನಡ ಪಂಡಿತನಲ್ಲ. ಖಾಸಗಿ ಕಂಪನಿಯೊಂದರ ನಿವೃತ್ತ ಹೆಡ್ ಕ್ಲರ್ಕ್. ಆದರೆ ವಿಜಯನಗರದ ನಮ್ಮ ರಸ್ತೆಯಲ್ಲಿ ಲಗ್ನಪತ್ರಿಕೆಯಿಂದ ಹಿಡಿದು ನೀರು ಬಾರದ ದೂರಿನವರೆಗೆ ಎಲ್ಲವನ್ನೂ ತಿದ್ದಿಕೊಡುವವನು ನಾನೇ. ತಿದ್ದುವವನನ್ನು ಯಾರೂ ತಿದ್ದುವುದಿಲ್ಲ. ಹೀಗಾಗಿ ನನಗೆ ಬರುವ ಕನ್ನಡವೆಲ್ಲ ಸರಿಯೆಂದೇ ನಂಬಿದ್ದೆ.

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಬಸಪ್ಪ ಗದಗದ ಕಡೆಯವರು. ಬಿನ್ನಿಪೇಟೆಯಲ್ಲಿ ಗೂಡ್ಸ್ ಟೆಂಪೊ ಓಡಿಸುತ್ತಾರೆ. ಅವರ ಮಗಳು ಮಂಜುಳಾ ಮೂರನೇ ಪ್ರಯತ್ನದಲ್ಲಿ ಪರೀಕ್ಷೆ ಪಾಸಾಗಿ ಸಿವಿಲ್ ನ್ಯಾಯಾಧೀಶೆಯಾಗಿ ಆಯ್ಕೆಯಾದಳು. ಭಾನುವಾರ ಪಾರ್ಕಿನಲ್ಲಿ ಸನ್ಮಾನವೆಂದು ರಸ್ತೆಯವರೆಲ್ಲ ಸೇರಿ ತೀರ್ಮಾನಿಸಿದರು.

ಬಸಪ್ಪ ನಮ್ಮ ಬಾಗಿಲಿಗೆ ಬಂದರು. "ಸರ, ನಮ್ಮ ಊರಾಗ ಇಂಥವರಿಗೆ ಮುನ್ಸೀಫ್ ಸಾಹೇಬ್ರು ಅಂತಿದ್ರು. ನಮ್ಮಪ್ಪ ಅವರ ಮುಂದ ಚಪ್ಪಲಿ ಬಿಟ್ಟು ನಿಲ್ತಿದ್ದ. ಆ ಮಾತಿನ ಅರ್ಥ ಏನಂತ ನಾಕು ಮಂದಿ ಮುಂದ ನೀವ ಹೇಳ್ರಿ."

"ಆಗಲಿ" ಎಂದೆ. ಅರ್ಥ ನನಗೂ ಗೊತ್ತಿರಲಿಲ್ಲ. ಆದರೆ ಸ್ನಾನ ಮಾಡುವಾಗ ತಾನಾಗಿಯೇ ಹೊಳೆಯಿತು!

ಮುನಿಸು ಎಂದರೆ ಕೋಪ. ಹಳಗನ್ನಡದಲ್ಲಿ 'ಇಪ್ಪ' ಎಂದರೆ ಇರುವವನು. ಮುನಿಸು ಇಪ್ಪ, ಮುನಿಸಿಪ್ಪ, ಮುನ್ಸಿಪ್, ಮುನ್ಸೀಫ್! ಅನ್ಯಾಯದ ಮೇಲೆ ಕೋಪವಿರುವವನು. ಒದ್ದೆ ಮೈಯಲ್ಲೇ ಹೊರಗೆ ಬಂದು ಹೆಂಡತಿ ಸರಳಾಗೆ ಹೇಳಿದೆ.

"ಯಾರನ್ನಾದ್ರೂ ಒಂದ್ ಮಾತು ಕೇಳ್ಬಾರ್ದೇನ್ರೀ?" ಎಂದಳು.

"ಕೇಳೋಕೆ ಯಾರಿದಾರೆ ಕಣೇ? ಎಲ್ರೂ ನನ್ನನ್ನೇ ಕೇಳ್ತಾರೆ!"

ಸನ್ಮಾನದ ಫಲಕ ಮಾಡಿಸಲು ಸುಂಕದಕಟ್ಟೆಯ ರಫೀಕರ ಅಂಗಡಿಗೆ ಹೋದೆ. 'ಅನ್ಯಾಯದ ಮೇಲೆ ಮುನಿಸುಳ್ಳವಳೇ ಮುನ್ಸೀಫೆ' ಎಂದು ಬರೆದುಕೊಟ್ಟೆ. ರಫೀಕ್ ಎರಡು ಸಲ ಓದಿದರು.

"ಸಾರ್, ಇದು ನಮ್ ಉರ್ದು ಮಾತು ಅಲ್ವಾ? ಇನ್ಸಾಫ್..."

"ಅದು ಆಮೇಲಿಂದು ರಫೀಕ್. ಮೂಲ ಹಳಗನ್ನಡ."

ಇಷ್ಟು ಗಟ್ಟಿಯಾಗಿ ಹೇಳುವ ಮನುಷ್ಯನ ಎದುರು ಅವರಾದರೂ ಏನು ಮಾಡಿಯಾರು? ಗಾಜಿನ ಮೇಲೆ ಚಿನ್ನದ ಬಣ್ಣದಲ್ಲಿ ಕೆತ್ತಿಕೊಟ್ಟರು. ಅವರನ್ನೂ ಕಾರ್ಯಕ್ರಮಕ್ಕೆ ಕರೆದೆ. ಅದು ನನ್ನ ಮುಂದಿನ ತಪ್ಪು.

ಭಾನುವಾರ ಸಂಜೆ ಪಾರ್ಕು ತುಂಬಿತ್ತು. ನಾನು ಮುನಿಸಿಪ್ಪನ ಕಥೆಯನ್ನು ಹಂತ ಹಂತವಾಗಿ ಬಿಡಿಸಿ ಹೇಳಿದೆ. ಜೋರು ಚಪ್ಪಾಳೆ! ಹಿಂದಿನಿಂದ ಒಬ್ಬರು ಕೂಗಿದರು: "ಹಂಗಾದ್ರೆ ಮುನ್ಸಿಪಾಲಿಟಿ ಸಾರ್?"

ವಿವೇಕಿಯಾದವನು ಅಲ್ಲಿಗೆ ನೀರು ಕುಡಿದು ಕೂರುತ್ತಿದ್ದ. ನಾನು ಕೂರಲಿಲ್ಲ. "ಅದೂ ಇದೇ ಮೂಲ! ಜನರಿಗೆ ಮುನಿಸು ಬರಿಸುವ ಜಾಗ!"

ಮತ್ತೂ ಜೋರು ಚಪ್ಪಾಳೆ.

ಬಸಪ್ಪ ಮಗಳಿಗೆ ಫಲಕ ಕೊಟ್ಟರು. ಮಂಜುಳಾ ಓದಿದಳು. ನನ್ನ ಕಡೆ ನೋಡಿದಳು. ಮೈಕ್ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಅಂಕಲ್ ತುಂಬಾ ಪ್ರೀತಿಯಿಂದ ಹೇಳಿದಾರೆ. ಆದ್ರೆ ಈ ಪದ ಬೇರೆ ಕಡೆಯಿಂದ ಬಂದಿದ್ದು ಅನ್ಸತ್ತೆ. ಉರ್ದು ಬಲ್ಲವರು ಯಾರಾದ್ರೂ ಇದೀರಾ?"

ಕೊನೆಯ ಸಾಲಿನಲ್ಲಿ ರಫೀಕ್ ಎದ್ದು ನಿಂತರು. ಭೂಮಿ ಬಾಯಿ ಬಿಡಲಿ ಎಂದು ಬೇಡಿಕೊಂಡೆ. ಪಾರ್ಕಿನ ಭೂಮಿ, ಟೈಲ್ಸ್ ಹಾಕಿದ್ದರು.

"ಅರಬ್ಬಿ ಮಾತು ಅಮ್ಮಾ" ಎಂದರು ರಫೀಕ್. "ನಿಸ್ಫ್ ಅಂದ್ರೆ ಅರ್ಧ. ಅದ್ರಿಂದಾನೇ ಇನ್ಸಾಫ್, ಅದನ್ನ ಮಾಡೋರು ಮುನ್ಸಿಫ್. ಈ ಕಡೆಯವ್ರಿಗೂ ಆ ಕಡೆಯವ್ರಿಗೂ ಸರಿಸಮ ನೋಡೋರು. ಕೋಪಕ್ಕೂ ಅದಕ್ಕೂ ಸಂಬಂಧ ಇಲ್ಲ. ಕೋಪ ಇದ್ರೆ ಸರಿಸಮ ನೋಡೋಕಾಗಲ್ಲ."

ಆಮೇಲೆ ಬಂದ ಚಪ್ಪಾಳೆಯ ಮುಂದೆ ನನಗೆ ಬಿದ್ದದ್ದು ಸೊಳ್ಳೆ ಹೊಡೆದ ಸದ್ದು!

ಬಸಪ್ಪ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಮಗಳ ಕೈಯಲ್ಲಿದ್ದ ಫಲಕದ ಮೇಲೆ ಬೆರಳಾಡಿಸುತ್ತಾ ಕೇಳಿದರು: "ಹಂಗಾರ ಇದರಾಗ ಬರದದ್ದು ಏನ್ರಿ ಸರ?"

ಅವರು ಅದನ್ನು ಊರಿಗೆ ಒಯ್ದು ತಮ್ಮ ಅಪ್ಪನ ಫೋಟೊದ ಪಕ್ಕದಲ್ಲಿ ಇಡಬೇಕೆಂದಿದ್ದರು.

"ತಪ್ಪು ಬರೆದಿದೆ ಬಸಪ್ಪ. ತಪ್ಪು ನಂದೇ. ರಫೀಕ್ ಹೇಳಿದ್ರು, ನಾನು ಕೇಳಲಿಲ್ಲ."

ಆ ಸಂಜೆ ನಾನು ಆಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ.

"ಹೋಗ್ಲಿ ಬಿಡ್ರಿ ಸರ" ಎಂದರು ಬಸಪ್ಪ. ಆದರೆ ಫಲಕವನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟರು. ಅದು ನನಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆಯೇ ರಫೀಕರ ಬಾಗಿಲಲ್ಲಿದ್ದೆ. "ಹೊಸದು ಮಾಡಿಕೊಡಿ. ಏನು ಬರೆಯೋದು, ನೀವೇ ಹೇಳಿ."

"ಬರೀ ಹೆಸರು ಸಾಕು ಸಾರ್" ಎಂದರು ಅವರು, ಚೀಟಿ ಮತ್ತು ಪೆನ್ನು ಮುಂದಿಟ್ಟು. "ಅದ್ರಲ್ಲಿ ತಪ್ಪಾಗೋಕೆ ಚಾನ್ಸೇ ಇಲ್ಲ."

ದುಂಡಗೆ ಬರೆದುಕೊಟ್ಟೆ. ರಫೀಕ್ ಓದಿದರು. ಮತ್ತೊಮ್ಮೆ ಓದಿದರು. ಈ ಸಲ ಸಂಕೋಚಪಡಲಿಲ್ಲ.

"ಸಾರ್, ಇದು ನಿಮ್ಮ ಹೆಸರು."

ನೋಡಿದೆ. ಹೌದು. ಕೆಳಗೆ ರುಜುವನ್ನೂ ಹಾಕಿದ್ದೆ!