ಸಮುದ್ರದ ದಂಡೆಗೆ ನರೋಣಾದ ರೊಟ್ಟಿ

ಸಮುದ್ರವೇ ಇಲ್ಲದ ಜಿಲ್ಲೆಯಲ್ಲಿ ಸಮುದ್ರದ ಪಾಠ ಮಾಡಿ ಹೊಟ್ಟೆ ಹೊರೆದವನು ನಗೆಪಾಟಲಿನ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ವಿಳಾಸ ಕೇಳಿಕೊಂಡು ಬರುತ್ತವೆ. ಜೇವರ್ಗಿ, ಅಫಜಲಪುರ, ಆಳಂದ ಈ ಮೂರೂ ತಾಲ್ಲೂಕುಗಳ ಹೈಸ್ಕೂಲುಗಳಲ್ಲಿ ನಾನು ಭೂಗೋಳ ಕಲಿಸಿದ್ದೇನೆ. ಅಲ್ಲಿ ಯಾವ ಕಿಟಕಿಯಿಂದ ನೋಡಿದರೂ ಕಾಣುವುದು ತೊಗರಿ. ಆದರೂ ವರ್ಷ ತಪ್ಪದೆ ಕಡಲತೀರದ ಪಾಠ ಬಂತು, ನಾನೂ ಮಾಡಿದೆ, ಸಂಬಳವೂ ಬಂತು. ಸಮುದ್ರದ ಆ ಉಪಕಾರವನ್ನು ನಾನು ಮರೆತವನಲ್ಲ.

೧. ಒಯ್ದು ಕೊಡುವುದು

ಜೇವರ್ಗಿಯಲ್ಲಿ ಒಂದು ದಿನ ಬೋರ್ಡಿನ ಮೇಲೆ ಚಿತ್ರ ಬರೆದು, ಕಡಲತೀರ ಹೇಗೆ ಆಗುತ್ತದೆ ಎಂದು ಹೇಳುತ್ತಿದ್ದೆ. ಹೊಳೆಗಳು ಗುಡ್ಡದ ಕಲ್ಲನ್ನು ಉರುಳಿಸಿ, ತೇಯ್ದು, ಉಸುಕು ಮಾಡಿ ಸಮುದ್ರಕ್ಕೆ ತಲುಪಿಸುತ್ತವೆ. ಅಲೆಗಳು ಅದನ್ನು ದಂಡೆಗೆ ತಂದು ಹರಡುತ್ತವೆ. ಮಳೆಗಾಲದಲ್ಲಿ ದೊಡ್ಡ ಅಲೆಗಳು ಅದೇ ಉಸುಕನ್ನು ಎಳೆದುಕೊಂಡು ಹೋಗುತ್ತವೆ. ಮಳೆ ಮುಗಿದ ಮೇಲೆ ಸಣ್ಣ ಅಲೆಗಳು ಸ್ವಲ್ಪ ಸ್ವಲ್ಪವಾಗಿ ತಂದು ಮತ್ತೆ ಅಲ್ಲೇ ಹಾಕುತ್ತವೆ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ತಾನ ಒಯ್ದದ್ದು ತಾನ ತಂದು ಕೊಡ್ತದೇನ್ರಿ?"

"ಹೌದವ್ವಾ."

"ಯಾರೂ ಕೇಳದೆ?"

"ಯಾರೂ ಕೇಳದೆ."

ಅವಳು ಕುಳಿತು ಪಕ್ಕದವಳಿಗೆ ಹೇಳಿದಳು: "ಇದು ನಮ್ಮ ಕಡೀದಲ್ಲ ಬೇ. ಪರೀಕ್ಷಾಕ್ಕಷ್ಟೇ ಬರಕೋ."

೨. ಕಿಟಕಿಯ ಸೀಟು

ನಿವೃತ್ತನಾದ ಮೇಲೆ ಪಾಠದ ಸಮುದ್ರವನ್ನು ಕಣ್ಣಿನಿಂದ ನೋಡುವ ಯೋಗ ಬಂತು. ತಂದುಕೊಟ್ಟವಳು ನರೋಣಾದ ನಮ್ಮ ಚಿಕ್ಕಮ್ಮ, ಕಾಕಿ. ಅವಳು ಊರಿನ ಇನ್ನು ನಾಲ್ವರು ಹೆಂಗಸರನ್ನು ಕೂಡಿಸಿಕೊಂಡು ಕಡಕ್ ರೊಟ್ಟಿ ಮಾಡಿ ಮಾರುತ್ತಿದ್ದಳು. ಆದರೆ ಮನೆಮನೆಯಲ್ಲೂ ರೊಟ್ಟಿ ಬಡಿಯುವ ನರೋಣಾದಲ್ಲಿ ರೊಟ್ಟಿ ಕೊಳ್ಳುವವರು ಯಾರು? ಹೊರಗಿನ ಗಿರಾಕಿ ಸಿಗದಿದ್ದರೆ ಯುಗಾದಿಯ ಹೊತ್ತಿಗೆ ಒಲೆ ಆರಿಸುವುದೆಂದು ಐವರೂ ಮಾತಾಡಿಕೊಂಡಿದ್ದರು. ಅಷ್ಟರಲ್ಲಿ ಉತ್ತರ ಕನ್ನಡದ ಕಡಲತೀರದ ಒಂದು ಕ್ಯಾಂಟೀನಿನ ಸುದ್ದಿ ಬಂತು. ನಮ್ಮ ಕಡೆಯ ಪ್ರವಾಸಿಗಳು ಅಲ್ಲಿಗೆ ಹೋಗಿ ರೊಟ್ಟಿ ಕೇಳುತ್ತಾರಂತೆ. ರುಚಿ ನೋಡಲು ಒಂದಿಷ್ಟು ತನ್ನಿ ಎಂದು ಮಾಲೀಕರು ಫೋನಿನಲ್ಲಿ ಹೇಳಿದ್ದರು.

"ಸಮುದ್ರ ನಿನಗೇ ಗೊತ್ತದ. ನೀನೂ ನಡಿ," ಎಂದಳು ಕಾಕಿ. ಸಮುದ್ರಕ್ಕೆ ನಾನು ಗೊತ್ತಿಲ್ಲ ಎಂದು ಹೇಳಲಿಲ್ಲ.

ಆಳಂದದ ಡ್ರೈವರ್ ಚಾಚಾನ ಜೀಪು ಗೊತ್ತು ಮಾಡಿದೆವು. ದಾರಿಯಲ್ಲಿ ಕರಜಗಿಯಲ್ಲಿ ನನ್ನ ಸೋದರಮಾವನೂ ಹತ್ತಿಕೊಂಡ. ಅವನಿಗೆ ಭೀಮಾ ದಂಡೆಯಲ್ಲಿ ಕಬ್ಬಿನ ಹೊಲ. ಹತ್ತಿ ನೋಡಿದರೆ ಕಿಟಕಿಯ ಸೀಟಿನಲ್ಲಿ ಬಿಳಿ ಧೋತರದಲ್ಲಿ ಕಟ್ಟಿದ ರೊಟ್ಟಿಯ ಗಂಟು ಕುಳಿತಿದೆ.

"ಇದನ್ನ ಮ್ಯಾಲೆ ಕಟ್ಟಬೇ ತಂಗಿ, ನಾ ಕುಂದರ್ತೇನಿ," ಎಂದ ಮಾವ.

"ನೀ ನಡು ಕುಂದ್ರು ಅಣ್ಣಾ. ರೊಟ್ಟಿಗಿ ಗಾಳಿ ಆಡಬೇಕು. ಗಾಳಿ ಆಡಿದ್ರ ಮೂರು ತಿಂಗಳು ಕಡಕ್ ಇರ್ತಾವ."

"ನನಗ ಗಾಳಿ ಬ್ಯಾಡೇನು?"

"ನಿನ್ನ ಯಾರೂ ಕೊಳ್ಳೂದಿಲ್ಲಲ್ಲ."

೩. ಉಳಿದದ್ದು ಯಾಕೆ

ಸಂಜೆಗೆ ತಲುಪಿದೆವು. ಸಮುದ್ರವನ್ನು ಮೊದಲ ಸಲ ನೋಡಿದವರು ನೀರನ್ನು ನೋಡಿ ಬೆರಗಾಗುತ್ತಾರೆ ಎಂದು ಕೇಳಿದ್ದೆ. ನಮ್ಮ ಮಾವ ನೀರನ್ನು ನೋಡಲೇ ಇಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಬಾಯಿ ತೆರೆದು ಉಸುಕನ್ನೇ ನೋಡುತ್ತ ನಿಂತ. ನಮ್ಮಲ್ಲಿ ಭೀಮಾ ಹೊಳೆಯ ಉಸುಕೆಂದರೆ ಹಲವು ಇಲಾಖೆಗಳ ನಿದ್ದೆ ಕೆಡಿಸುವ ವಸ್ತು. ಇಲ್ಲಿ ಅದು ಕಣ್ಣು ಹರಿಯುವತನಕ ಬಿದ್ದಿತ್ತು. ಸುತ್ತಲೂ ಪ್ರವಾಸಿಗಳು ಮನೆ ಕಟ್ಟಿ, ಫೋಟೋ ತೆಗೆದು, ಬಿಟ್ಟು ಹೋಗುತ್ತಿದ್ದರು.

"ಅಳಿಯಾ, ಯಾರೂ ಕಾಯಾಕಿಲ್ಲೇನೋ? ನಮ್ಮಲ್ಲಿ ಉಸುಕು ಸಿಗದೆ ಮನಿ ಅರ್ಧಕ್ಕ ನಿಂತಾವ. ಇವ್ರು ಕಟ್ಟಿದ ಮನಿ ಬಿಟ್ಟು ಹೊಂಟಾರ!" ಒಂದು ಹಿಡಿ ತೆಗೆದು ತಿಕ್ಕಿ ನೋಡಿದ. "ಪ್ಲಾಸ್ಟರಿಗಿ ಭಾಳ ಚಲೋ ಅದ."

"ಉಪ್ಪು ಅದ ಮಾವ. ಇದರಾಗ ಮನಿ ಕಟ್ಟಿದ್ರ ಒಳಗಿನ ಕಬ್ಬಿಣ ತುಕ್ಕು ಹಿಡೀತದ."

ಮಾವನ ಮುಖದಲ್ಲಿ ಸಮಾಧಾನ ಮೂಡಿತು. ಹಿಡಿಯಲ್ಲಿದ್ದುದನ್ನು ಕೆಳಗೆ ಬಿಟ್ಟ. "ಅದಕ್ಕೇ ಉಳದದ."

೪. ತಪ್ಪಿದ ದಿಕ್ಕು

ಸ್ವಲ್ಪ ಹೊತ್ತಿನ ಮೇಲೆ ಅವನಿಗೊಂದು ವಿಚಾರ ಬಂತು. ಪ್ರತಿ ನೆರೆಯಲ್ಲೂ ಭೀಮಾ ಅವನ ಹೊಲದ ಅಂಚನ್ನು ಕೆರೆದುಕೊಂಡು ಹೋಗುತ್ತಾಳೆ. ಆ ಮಣ್ಣು ಎಲ್ಲಿ ಹೋಗುತ್ತದೆ?

ಬಹಳ ದಿನಗಳ ಮೇಲೆ ಯಾರೋ ನನ್ನ ವಿಷಯದಲ್ಲಿ ಪ್ರಶ್ನೆ ಕೇಳಿದ್ದರು. ಹುರುಪಿನಿಂದ ಹೇಳಿದೆ: ಭೀಮಾ ಕೃಷ್ಣೆಯನ್ನು ಸೇರುತ್ತಾಳೆ, ಕೃಷ್ಣೆ ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿ ಸೇರುತ್ತಾಳೆ, ದಾರಿಯ ಅಣೆಕಟ್ಟುಗಳಲ್ಲಿ ನಿಂತದ್ದನ್ನು ಬಿಟ್ಟು ಉಳಿದ ಮಣ್ಣು ಆ ಕಡೆಯ ತೀರಕ್ಕೆ ಹೋಗುತ್ತದೆ. ಈ ದಂಡೆಯ ಉಸುಕು ಸಹ್ಯಾದ್ರಿಯದು, ನಮಗೂ ಇದಕ್ಕೂ ಸಂಬಂಧವಿಲ್ಲ.

ಮಾವ ಪೂರ್ವಕ್ಕೆ ಕೈ ತೋರಿಸಿದ.

"ನಮ್ಮ ಹೊಲ ಆ ಕಡಿ ಹೋಗ್ಯಾದಂತ ನಿನಗ ಗೊತ್ತಿದ್ದೂ ನನ್ನ ಈ ಕಡಿ ಕರಕೊಂಡು ಬಂದಿಯಲ್ಲೋ!"

೫. ನೀರು ಬಿಡುವ ಹೊತ್ತು

ಕಾಕಿ ಚಪ್ಪಲಿಗಳನ್ನೂ ನೀರಿನ ಬಾಟಲಿಯನ್ನೂ ಒಣಗಿದ ಉಸುಕಿನ ಮೇಲೆ ಸಾಲಾಗಿ ಇಟ್ಟಿದ್ದಳು. ಮಾತಾಡುತ್ತಿದ್ದಂತೆ ನೀರು ಮುಂದೆ ಮುಂದೆ ಬಂದು ಬಾಟಲಿಯನ್ನು ಎತ್ತಿಕೊಂಡು ಹೋಯಿತು. ಸೀಟಿ ಹಿಡಿದು ದಂಡೆ ಕಾಯುತ್ತಿದ್ದ ತರುಣ ಓಡಿ ಬಂದ. "ಹಿಂದೆ ಬನ್ನಿ ಅಮ್ಮ, ನೀರು ಏರುವ ಹೊತ್ತು."

"ದಿನಾ ಇದೇ ಟೈಮಿಗಿ ಬಿಡ್ತಾರೇನಪ್ಪ?"

ಅವನಿಗೆ ಪ್ರಶ್ನೆ ಪೂರ್ತಿ ತಿಳಿಯಲಿಲ್ಲ. "ದಿನಾ ಸ್ವಲ್ಪ ತಡ ಆಗ್ತದೆ ಅಮ್ಮ. ಆದ್ರೆ ದಿನಕ್ಕೆ ಎರಡು ಸಲ ಬರ್ತದೆ."

ವಾರಕ್ಕೊಮ್ಮೆ ನಲ್ಲಿಯ ಮುಂದೆ ಕೊಡ ಹಿಡಿದು ನಿಲ್ಲುವ ಕಾಕಿ ಸಮುದ್ರಕ್ಕೆ ಬೆನ್ನು ಮಾಡಿ ಅವನಿಗೆ ಕೈಮುಗಿದಳು. "ಎರಡು ಸಲ! ನಿಮ್ಮ ಪಂಚಾಯ್ತಿಯವ್ರು ತಣ್ಣಗಿರ್ಲಿ!"

೬. ಎರಿಯಲ್ಲಿ ಕಲಿತ ವಿದ್ಯೆ

ರಾತ್ರಿಯ ಬಿಡಾರಕ್ಕೆ ಹೊರಡುವಾಗ ಚಾಚಾ ಜೀಪನ್ನು ಸೀದಾ ಉಸುಕಿನ ಮೇಲೆ ತಂದ. ನಾಲ್ಕೂ ಗಾಲಿ ಕೂತವು. ಮಳೆಗಾಲದ ಕಪ್ಪು ಜಿಗುಟು ಎರಿಮಣ್ಣಿನಲ್ಲಿ ಗಾಡಿ ಸಿಕ್ಕರೆ ನಮ್ಮಲ್ಲಿ ಗಾಲಿಯ ಕೆಳಗೆ ತೊಗರಿ ಕಟ್ಟಿಗೆ ಹಾಕುತ್ತಾರೆ. ಚಾಚಾ ಬಲೆ ಕಟ್ಟುತ್ತಿದ್ದ ಮೀನುಗಾರರ ಬಳಿ ಹೋಗಿ ತೊಗರಿ ಕಟ್ಟಿಗೆ ಕೇಳಿದ. ಅವರು ಒಬ್ಬರ ಮುಖ ಒಬ್ಬರು ನೋಡಿ, ತೆಂಗಿನ ಗರಿ ತಂದು ಹಾಕಿ, ತಾವೇ ಹೆಗಲು ಕೊಟ್ಟು ನೂಕಿದರು. ಚಾ ಕುಡಿಯಿರಿ ಎಂದರೆ ನಮಗೇ ಕುಡಿಸಿದರು. ಆ ಉಪಕಾರಕ್ಕೆ ಏನು ಹೇಳುವುದೆಂದು ನಾನು ಹುಡುಕುತ್ತಿದ್ದೆ. ಚಾಚಾ ಹೇಳಿಯೇಬಿಟ್ಟ:

"ಅಲ್ಲಾ ನಿಮಗ ಚಲೋ ಮಾಡ್ಲಿ ಭಾಯ್. ಭಾಳ ಸಭ್ಯ ಮಣ್ಣು ನಿಮ್ದು. ನಮ್ಮ ಎರಿಯಾಗ ಸಿಕ್ಕಿದ್ರ ದೀಪಾವಳಿಗೇ ಜೀಪ್ ವಾಪಸ್ ಬರೂದು."

೭. ಕಡಕ್

ಮರುದಿನ ಬೆಳಿಗ್ಗೆ ಕ್ಯಾಂಟೀನಿಗೆ ಹೋದೆವು. ಮಾಲೀಕರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದರು; ಅವರ ವಯಸ್ಸಾದ ತಾಯಿ ಮೂಲೆಯ ಕುರ್ಚಿಯಲ್ಲಿದ್ದರು. ಕಾಕಿ ಹೊಸ ಸೀರೆ ಉಟ್ಟಿದ್ದಳು. ಗಂಟು ಬಿಚ್ಚುತ್ತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದಳು. "ನೋಡ್ರಿ ಯಜಮಾನ್ರ, ರೊಟ್ಟಿ ಚಲೋದು ಹೌದೋ ಅಲ್ಲೋ ಕಣ್ಣಿಗಿ ಗೊತ್ತಾಗೂದಿಲ್ಲ, ಕಿವಿಗಿ ಗೊತ್ತಾಗ್ತದ. ಮುರಿದ್ರ ಸಪ್ಪಳ ಆಚಿ ಓಣಿಗಿ ಕೇಳಬೇಕು."

ಮೇಲಿನ ರೊಟ್ಟಿಯನ್ನು ತೆಗೆದು, ಮಾಲೀಕರ ಕಿವಿಯ ಹತ್ತಿರ ಹಿಡಿದು ಮುರಿದಳು.

ರೊಟ್ಟಿ ಟವೆಲಿನಂತೆ ಮಡಚಿಕೊಂಡಿತು.

ಎರಡನೆಯದನ್ನು ತೆಗೆದಳು. ಅದು ಮುರಿಯಲು ಹೋದ ಕೈಯನ್ನೇ ಸುತ್ತಿಕೊಂಡಿತು. ನರೋಣಾದ ಐದೂ ಒಲೆಗಳು ಕಾಕಿಯ ಕಣ್ಣ ಮುಂದೆ ಆರುತ್ತಿದ್ದವು. ನಾನು ಸಹಾಯಕ್ಕೆಂದು ಮುಂದೆ ಹೋಗಿ, ಕಡಲ ಗಾಳಿಯಲ್ಲಿ ತೇವಾಂಶ ಹೆಚ್ಚು, ಬಟ್ಟೆಯ ಗಂಟಿನೊಳಕ್ಕೆ ರಾತ್ರಿಯೆಲ್ಲ ಅದು ಇಳಿದಿದೆ ಎಂದು ವಿವರಿಸತೊಡಗಿದೆ.

"ನಿನ್ನ ಪಾಠ ಸಾಕು ಮಾಡ್ಲೇ," ಎಂದಳು ಕಾಕಿ, ಹಲ್ಲು ಕಚ್ಚಿ.

ಆಗ ಮೂಲೆಯ ಅಜ್ಜಿ ಕೈ ಚಾಚಿದರು. ಒಂದು ಚೂರು ಹರಿದು, ಕಾಕಿ ಜೊತೆಗೆ ತಂದಿದ್ದ ಶೇಂಗಾ ಚಟ್ನಿಪುಡಿಯೊಡನೆ ಬಾಯಿಗಿಟ್ಟು ನಿಧಾನವಾಗಿ ಮೆದ್ದರು. ನುಂಗಿದರು. ಇನ್ನೊಂದು ಚೂರು ಹರಿದರು.

"ಹೋದ ಸಲ ಯಾರೋ ಕಡಕ್ ರೊಟ್ಟಿ ಅಂತ ತಂದಿದ್ರಲ್ಲ ಮಗಾ, ನನ್ನ ಒಂದು ಹಲ್ಲು ಅದ್ರಲ್ಲೇ ಹೋಯ್ತು. ಇದು ಎಷ್ಟು ಮೆತ್ತಗೆ ಉಂಟು! ಇದನ್ನೇ ತರ್ಸು."

ಮಾಲೀಕರೂ ತಿಂದು ತಲೆದೂಗಿದರು. "ಚಲೋ ಉಂಟು. ಆದ್ರೆ ಅಮ್ಮ, ಹೀಗೆ ಮೆತ್ತಗೆ ಎಷ್ಟು ದಿನ ಇರ್ತದೆ?"

ಕಾಕಿ ಕಣ್ಣು ಮಿಟುಕಿಸಲಿಲ್ಲ. "ನೀವು ಇಲ್ಲಿ ಇರೋತನಕ ಇರ್ತದ್ರಿ."

ಈಗ ವಾರಕ್ಕೊಂದು ಗಂಟು ನರೋಣಾದಿಂದ ಬಸ್ಸಿನಲ್ಲಿ ಹೋಗುತ್ತದೆ. ಯುಗಾದಿ ಕಳೆದರೂ ಐದೂ ಒಲೆ ಉರಿಯುತ್ತಿವೆ. ಹಬ್ಬದ ದಿನ ಕಾಕಿ ಪಶ್ಚಿಮಕ್ಕೆ ಮುಖ ಮಾಡಿ ಸಮುದ್ರಕ್ಕೂ ಒಂದು ನಮಸ್ಕಾರ ಹಾಕುತ್ತಾಳೆ.

ಮೊನ್ನೆ ನಾನು ಅವಳ ಮನೆಯಲ್ಲಿದ್ದಾಗ ಆಳಂದದ ವ್ಯಾಪಾರಿಯೊಬ್ಬರು ಬಂದರು. ಹೆಂಡತಿ ಮಕ್ಕಳೊಡನೆ ಸಮುದ್ರ ನೋಡಿ ಆಗಷ್ಟೇ ಮರಳಿದ್ದರು. ಕಾಕಿಯ ರೊಟ್ಟಿಯೊಂದನ್ನು ಎತ್ತಿ, ಕಟುಂ ಎಂದು ಮುರಿದು, ಬೇಸರದಿಂದ ಕೆಳಗಿಟ್ಟರು.

"ಸಿಟ್ಟಾಗಬ್ಯಾಡ್ರಿ ಕಾಕಿ. ನಮ್ಮ ಕಡೀದವ್ರಿಗಿ ರೊಟ್ಟಿ ಮಾಡಾಕ ಬರಂಗಿಲ್ಲ. ಅಲ್ಲೊಂದು ಕ್ಯಾಂಟೀನ್ ಅದ, ಸಮುದ್ರದ ದಂಡ್ಯಾಗ. ಅಲ್ಲಿ ರೊಟ್ಟಿ ಏನು ಮೆತ್ತಗ್ರಿ, ಏನು ರುಚಿ! ಒಮ್ಮೆ ಹೋಗಿ ಅವ್ರ ಹತ್ರ ಕಲತು ಬರ್ರಿ."

"ಕಲೀತೇವ್ರಿ, ಅವ್ರ ಕೈಗುಣನೇ ಬ್ಯಾರೆ," ಎಂದಳು ಕಾಕಿ, ಅದೇ ಕ್ಯಾಂಟೀನಿಗೆ ಹೋಗಬೇಕಾದ ಗಂಟನ್ನು ಬಿಗಿಯುತ್ತ.