ಹಿಂದಿನ ಗಾಲಿಯ ಗೋಳು

ಸೈಕಲ್ ತುಳಿದು ನೌಕರಿ ಮಾಡಿದವನಿಗೆ ಗಾಲಿ ಕೈಕೊಡುವ ಪ್ರಸಂಗಗಳಿಗೆ ಬರ ಇರುವುದಿಲ್ಲ. ಬೇಡವೆಂದರೂ ವಾರಕ್ಕೊಂದು ಬಂದು ದಾರಿಗೆ ಅಡ್ಡ ನಿಲ್ಲುತ್ತವೆ. ಎಂಬತ್ತರ ದಶಕದಲ್ಲಿ ನಾನು ಮಸ್ಕಿಯಲ್ಲಿ ಮನೆ ಮಾಡಿಕೊಂಡು ಮಲೇರಿಯಾ ಕೆಲಸದಲ್ಲಿದ್ದೆ. ಹಳ್ಳಿಗಳಿಗೆ ಹೋಗಿ, ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ತೆಗೆದು ಪರೀಕ್ಷೆಗೆ ಲಿಂಗಸುಗೂರಿಗೆ ಕಳಿಸುವುದು ನನ್ನ ಕೆಲಸ. ದಾರಿಯೆಂದರೆ ಗುಡ್ಡದ ಮಗ್ಗುಲಿನ ಬಂಡಿಜಾಡು. ಮೇಲೆ ಗರಸು, ಅದರೊಳಗೆ ಚೂಪುಗಲ್ಲು. ಮುಂದಿನ ಟೈರು ವರ್ಷಗಟ್ಟಲೆ ಬಾಳುತ್ತಿತ್ತು. ನನ್ನ ಭಾರ, ಪೆಟ್ಟಿಗೆಯ ಭಾರ ಎಲ್ಲ ಹೊತ್ತ ಹಿಂದಿನ ಟೈರು ಮಾತ್ರ ಮೂರ್ನಾಲ್ಕು ತಿಂಗಳಿಗೇ ಬಾಯಿ ಬಿಡುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನನ್ನ ಮುಖವನ್ನೇ ನೋಡಿಕೊಂಡಂತೆ ಆಗುತ್ತಿತ್ತು.

ಗಟ್ಟಿ ಟೈರು

ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದ ಮುದುಕರೊಬ್ಬರನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು. ಕಲ್ಲಿಗೆ ತಾಳುವ ಟೈರು ಬೇಕು ಅಂದೆ. ಅವರು ಟೈರು ತೋರಿಸುವ ಮೊದಲು ಡಾಕ್ಟರರ ಹಾಗೆ ವಿಚಾರಣೆ ನಡೆಸಿದರು. ನನ್ನ ತೂಕ ಎಷ್ಟು, ಪೆಟ್ಟಿಗೆ ಎಷ್ಟು ಭಾರ, ಯಾವ ಯಾವ ಹಳ್ಳಿಗೆ ಹೋಗುತ್ತೇನೆ. ನಾನು ಹಳ್ಳಿಗಳ ಹೆಸರು ಹೇಳುತ್ತಾ ಹೋದಂತೆ ಅವರ ಮುಖ ಸಣ್ಣದಾಯಿತು.

"ಈ ದಾರಿಗೆ ಟೈರ್ ಇನ್ನಾ ಹುಟ್ಟಿಲ್ಲ ಸಾಬ್," ಅಂದರು. "ಇದ್ದುದ್ರಾಗ ಮಂದಂದು ಕೊಡ್ತೀನಿ. ಹಾಕ್ಕೊಂಡು ಹೋಗ್ರಿ."

ಆ ಟೈರು ನಿಜಕ್ಕೂ ಗಟ್ಟಿ. ಎಷ್ಟು ಮಂದವೆಂದರೆ ಮಡ್‌ಗಾರ್ಡಿಗೆ ಉಜ್ಜಿ ಗರ್ರ್ ಗರ್ರ್ ಎಂದು ಸಪ್ಪಳ ಮಾಡುತ್ತಿತ್ತು. ಒಂದು ತಿಂಗಳಾದರೂ ಒಂದು ಪಂಕ್ಚರ್ ಇಲ್ಲ. ಆದರೆ ಯಾವ ಹಳ್ಳಿಗೆ ಹೋದರೂ ಓಣಿ ಖಾಲಿ, ಬಾಗಿಲಿಗೆ ಚಿಲಕ. ಮೊದಲು ಸುಗ್ಗಿಯೇನೋ ಅಂದುಕೊಂಡೆ. ಕಡೆಗೆ ಕಟ್ಟೆಯ ಮೇಲೆ ಕೂತಿದ್ದ ಕುಂಟ ಅಜ್ಜನೊಬ್ಬ ಗುಟ್ಟು ಬಿಟ್ಟುಕೊಟ್ಟ. ಅರ್ಧ ಮೈಲಿ ದೂರದಿಂದಲೇ ಸೂಜಿಯವನ ಸಪ್ಪಳ ಕೇಳುತ್ತದೆ, ಮಂದಿಯೆಲ್ಲ ಹೊಲಕ್ಕೆ ಓಡುತ್ತಾರೆ. ತನಗೆ ಓಡಲು ಆಗುವುದಿಲ್ಲ ಎಂದು ಬೆರಳು ಮುಂದೆ ಚಾಚಿದ. ಆ ತಿಂಗಳು ನಾನು ತೆಗೆದ ರಕ್ತವೆಲ್ಲ ಓಡಲಾರದವರದೇ.

ಹೆಂಡತಿಯ ನಡಿಗೆ

ಆ ಟೈರೂ ಒಂದು ದಿನ ಸೀಳಿತು. ಚಾಚಾ ಒಳಗೆ ಹಳೆಯ ಟೈರಿನ ತುಂಡು ಇಟ್ಟು ಗಾಳಿ ತುಂಬಿದರು. ತುಂಡು ಇದ್ದಲ್ಲಿ ಗಾಲಿ ಉಬ್ಬಿ, ಸುತ್ತಿಗೊಮ್ಮೆ ಧಡಕ್ ಎಂದು ಸೀಟನ್ನು ಎತ್ತುತ್ತಿತ್ತು. ಅದೇ ಸೈಕಲ್ಲಿನ ಕ್ಯಾರಿಯರ್ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಅವಳ ತವರಿಗೆ ಹೊರಟೆ. ಮೂರು ಮೈಲಿಯ ಹಾದಿ. ಒಂದು ಫರ್ಲಾಂಗು ಅವಳು ಸೀಟು ಗಟ್ಟಿ ಹಿಡಿದು ಕೂತಳು. ಆಮೇಲೆ ನಿಲ್ಲಿಸಿರಿ ಅಂದು ಇಳಿದು, ಸೆರಗು ಸರಿ ಮಾಡಿಕೊಂಡು, "ನೀವು ಸೈಕಲ್ ಮ್ಯಾಲ ಮುಂದ ಹೋಗ್ರಿ. ನಾ ನಡ್ಕೋತ ಬರ್ತೀನಿ," ಅಂದಳು.

ನಾನು ಮುಂದೆ ಹೋದೆ. ಎರಡು ಕಡೆ ಟೈರು ಬಿಚ್ಚಿ ಕಟ್ಟಿ, ಕಡೆಗೆ ತಳ್ಳಿಕೊಂಡು ಅತ್ತೆಯ ಮನೆ ಮುಟ್ಟಿದಾಗ ಅವಳು ಅಡ್ಡದಾರಿಯಿಂದ ಬಂದು, ಊಟ ಮುಗಿಸಿ, ಬಾಗಿಲಲ್ಲಿ ಕೂತು ತಾಯಿಯ ಕೈಯಿಂದ ತಲೆ ಬಾಚಿಸಿಕೊಳ್ಳುತ್ತಿದ್ದಳು. ಅತ್ತೆ ನನ್ನನ್ನು ನೋಡಿ, ಸೈಕಲ್ ತರದಿದ್ದರೆ ಬಿಸಿ ಅನ್ನವೇ ಸಿಗುತ್ತಿತ್ತಲ್ಲ ಅಂದರು.

ಸಾಹೇಬರ ತಪಾಸಣೆ

ಒಂದೇ ವರ್ಷದಲ್ಲಿ ಮೂರನೆಯ ಸಲ ಹಿಂದಿನ ಟೈರಿನ ದುಡ್ಡು ಕೇಳಿ ಇಲಾಖೆಗೆ ಅರ್ಜಿ ಹಾಕಿದ್ದಕ್ಕೆ ನಮ್ಮ ಮೇಲಿನ ಸಾಹೇಬರಿಗೆ ಸಂಶಯ ಬಂತು. ಇವನು ಟೈರು ಮಾರಿಕೊಳ್ಳುತ್ತಾನೆ ಎಂದು ಯಾರೋ ಕಿವಿ ಊದಿದ್ದರಂತೆ. ನೌಕರಿಗೇ ಕುತ್ತು ಬರುವ ಮಾತು. ಎರಡು ದಿನ ನನಗೆ ಅನ್ನ ಸೇರಲಿಲ್ಲ.

ಸಾಹೇಬರು ಜೀಪಿನಲ್ಲಿ ಬಂದರು. ಗುಡ್ಡದ ಬುಡದಲ್ಲಿ ಡ್ರೈವರ್ ಜೀಪು ನಿಲ್ಲಿಸಿ, ಇದರ ಮುಂದೆ ಗಾಡಿ ಹೋಗುವುದಿಲ್ಲ ಅಂದ. ದಾರಿ ಕಣ್ಣಾರೆ ನೋಡಿಯೇ ಹೋಗುತ್ತೇನೆಂದು ಸಾಹೇಬರು ನನ್ನ ಕ್ಯಾರಿಯರ್ ಮೇಲೆ ಕೂತರು. ಅವರದು ತುಂಬಿದ ಮೈ. ಏರಿನಲ್ಲಿ ನನ್ನ ಉಸಿರು ನಿಂತಿತು, ಟೈರು ನಿಲ್ಲಲಿಲ್ಲ. ಇಳಿಜಾರಿನಲ್ಲಿ ಒಂದು ಕಲ್ಲಿಗೆ ತಾಗಿದ್ದೇ ಪಟಾಕಿ ಹಾರಿದಂತೆ ಸಿಡಿಯಿತು. ಸಾಹೇಬರು ಲಂಟಾನ ಪೊದೆಯಲ್ಲಿ ಕೂತಿದ್ದರು. ಎದ್ದು ಪ್ಯಾಂಟು ಝಾಡಿಸಿಕೊಂಡು ಆ ಕಲ್ಲನ್ನೇ ಬಹಳ ಹೊತ್ತು ನೋಡಿದರು. ಇಬ್ಬರೂ ಜೀಪಿನ ತನಕ ನಡೆದೆವು. ಕಾಲು ನೋಯುತ್ತಿದ್ದರೂ ನನಗೆ ಒಳಗೊಳಗೇ ಸಮಾಧಾನ. ಇನ್ನು ಯಾರೂ ನನ್ನನ್ನು ಕಳ್ಳ ಅನ್ನಲಾರರು.

ಹದಿನೈದು ದಿನಕ್ಕೆ ಉತ್ತರ ಬಂತು. ಸ್ಥಳ ಪರಿಶೀಲಿಸಲಾಗಿದೆ, ಟೈರು ಮಾರಿದ ಆರೋಪ ಸುಳ್ಳು, ಅತಿಭಾರದಿಂದ ಟೈರು ಒಡೆದಿರುವುದು ಖುದ್ದಾಗಿ ಕಂಡುಬಂದಿದೆ. ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸಾಲು: "ಸದರಿ ನೌಕರನು ತನ್ನ ತೂಕವನ್ನು ಇಳಿಸಿಕೊಳ್ಳತಕ್ಕದ್ದು."

ಆಗ ನಾನು ನಲವತ್ತೆಂಟು ಕೆಜಿ ಇದ್ದೆ.

ಕಾಲುವೆಯ ಸೀಮೆ

ತೊಂಬತ್ತರ ಈಚೆಗೆ ಸಿಂಧನೂರಿನ ಕಡೆ ವರ್ಗವಾಯಿತು. ಜವಳಗೇರಾ, ದಢೇಸುಗೂರು, ಎತ್ತ ನೋಡಿದರೂ ಕಾಲುವೆ ನೀರಿನ ಗದ್ದೆ. ಹುಡುಕಿದರೂ ಕಲ್ಲಿಲ್ಲ. ನನ್ನ ಟೈರಿಗೆ ಮುಕ್ತಿ ಸಿಕ್ಕಿತು ಅಂದುಕೊಂಡೆ. ಮೊದಲ ಮಳೆಗೇ ಎರೆಮಣ್ಣು ನನ್ನ ಮಂದ ಟೈರಿನ ಹಲ್ಲುಗಳಲ್ಲಿ ತುಂಬಿ, ಮಡ್‌ಗಾರ್ಡಿಗೆ ಅಂಟಿ, ಗಾಲಿ ತಿರುಗುವುದನ್ನೇ ಬಿಟ್ಟಿತು. ಅರ್ಧ ಮೈಲಿ ಸೈಕಲ್ಲನ್ನು ಹೆಗಲ ಮೇಲೆ ಹೊತ್ತೆ. ಎದುರಿಗೆ ಟ್ರ್ಯಾಕ್ಟರಿನಲ್ಲಿ ಬಂದ ತೆಲುಗು ರೈತರೊಬ್ಬರು ನನ್ನನ್ನು ಹತ್ತಿಸಿಕೊಂಡು, ಈ ಭೂಮಿಗೆ ತೆಳುವಾದ ನುಣ್ಣನೆಯ ಟೈರೇ ಸರಿ ಅಂತ ತಿಳಿಸಿ ಹೇಳಿದರು. ಅವರ ಮಾತು ಕೇಳಿ ಸಿಂಧನೂರಿನಲ್ಲಿ ಅಂಥದೇ ಹಾಕಿಸಿದೆ.

ಎಂಟು ದಿನಕ್ಕೆ ಮತ್ತೆ ಮಸ್ಕಿಗೆ ವರ್ಗದ ಆದೇಶ ಬಂತು. ಚಾಚಾ ನನ್ನ ತೆಳು ಟೈರನ್ನು ಒಮ್ಮೆ ಮುಟ್ಟಿ ನೋಡಿದರು. ಎದ್ದು ಹೋಗಿ ನನಗೆ ಕುಡಿಯಲು ನೀರು ತಂದುಕೊಟ್ಟರು.

ಮೇವು

ಗಟ್ಟಿ ಟೈರು ಬರಲು ವಾರ ಬೇಕೆಂದರು ಚಾಚಾ. ಅಷ್ಟರಲ್ಲೇ ಗುಡ್ಡದಾಚೆಯ ಹಳ್ಳಿಯಲ್ಲಿ ಎಂಟು ವರ್ಷದ ಹುಡುಗಿಗೆ ಮೂರು ದಿನದಿಂದ ಚಳಿಜ್ವರ ಎಂದು ಸುದ್ದಿ ಬಂತು. ತೆಳು ಟೈರಿನಲ್ಲೇ ಹೊರಟೆ. ಹಳ್ಳಿ ಇನ್ನೇನು ಬಂತು ಅನ್ನುವಾಗ ಟೈರು ಒಂದು ಗೇಣು ಸೀಳಿ, ಟ್ಯೂಬು ಚಿಂದಿಯಾಯಿತು.

ಹುಡುಗಿಯ ಮೈ ಕಾದ ಹಂಚಿನಂತಿತ್ತು. ರಕ್ತ ತೆಗೆದೆ, ಗುಳಿಗೆ ನುಂಗಿಸಿದೆ. ಗಾಜಿನ ಪಟ್ಟಿ ಅಂದೇ ಲಿಂಗಸುಗೂರು ಸೇರಬೇಕು, ಐದು ಗಂಟೆಯ ಬಸ್ಸಿಗೆ ಕೊಡಬೇಕು. ಮಸ್ಕಿ ನಾಲ್ಕು ಮೈಲಿ, ಸೈಕಲ್ಲು ಹೆಣದಂತೆ ಬಿದ್ದಿತ್ತು. ಹುಡುಗಿಯ ಅಜ್ಜಿ ಅದನ್ನೊಮ್ಮೆ ನೋಡಿ, ಕಾಲುವೆ ಕಡೆಯಿಂದ ತರಿಸಿದ್ದ ನೆಲ್ಲುಹುಲ್ಲು ತಂದು, ಹಗ್ಗದಂತೆ ಹೊಸೆದು ಟೈರಿನೊಳಗೆ ತುರುಕಿದಳು. ನಾನು ರಿಮ್ಮಿಗೆ ಕೂರಿಸಿದೆ. ಗಾಲಿ ತಿರುಗಿತು. ಸೀಳಿನಿಂದ ನಾಲ್ಕು ಎಳೆ ಹೊರಗೆ ಇಣುಕುತ್ತಿದ್ದವು, ಅಷ್ಟೆ. ಹೊರಡುವಾಗ ಅಜ್ಜಿ ಮಜ್ಜಿಗೆ ಕುಡಿದೇ ಹೋಗಬೇಕೆಂದು ಒಳಗೆ ಕರೆದಳು.

ಮಜ್ಜಿಗೆ ಕುಡಿದು ಹೊರಗೆ ಬಂದರೆ, ಅವಳ ಎಮ್ಮೆ ಆ ಎಳೆಗಳನ್ನು ಹಿಡಿದು ಎಳೆದೂ ಎಳೆದೂ, ನನ್ನ ಹಿಂದಿನ ಗಾಲಿಯನ್ನು ಪೂರಾ ತಿಂದು, ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ನಾನು ತಲೆಯ ಮೇಲೆ ಕೈ ಹೊತ್ತೆ. ಅಜ್ಜಿ ಎಮ್ಮೆಯ ಬಾಯಿ ತೆರೆದು ನೋಡಿ, ರಬ್ಬರಿನ ನಂಜು ಏರಿದರೆ ನನ್ನ ಪೆಟ್ಟಿಗೆಯಲ್ಲಿ ಅದಕ್ಕೂ ಗುಳಿಗೆ ಇದೆಯೇ ಎಂದು ಕೇಳಿದಳು.

ಸೈಕಲ್ಲನ್ನು ಅಲ್ಲೇ ಬಿಟ್ಟು ಓಡುತ್ತಾ ನಡೆಯುತ್ತಾ ಮಸ್ಕಿ ಮುಟ್ಟಿದೆ. ನನ್ನ ಪುಣ್ಯಕ್ಕೆ ಬಸ್ಸು ತಡವಾಗಿತ್ತು. ಪಟ್ಟಿ ಹೋಯಿತು, ಮಲೇರಿಯಾ ಎಂದು ಬಂತು, ಸರಿಯಾದ ಔಷಧ ಸಿಕ್ಕು ಹುಡುಗಿ ಎದ್ದು ಓಡಾಡಿದಳು.

ವಾರದ ಮೇಲೆ ಗಟ್ಟಿ ಟೈರು, ಹೊಸ ಟ್ಯೂಬು ಹೆಗಲಿಗೆ ಹಾಕಿಕೊಂಡು, ಪಂಪು ಹಿಡಿದು ಹೋಗಿ ಅಲ್ಲೇ ಜೋಡಿಸಿ ಗಾಳಿ ತುಂಬಿದೆ. ಎಮ್ಮೆ ದೂರದಿಂದಲೇ ಸೈಕಲ್ಲು ಕಂಡು ಲಗುಬಗೆಯಿಂದ ಬಂತು. ಹಿಂದಿನ ಗಾಲಿಯನ್ನು ಸುತ್ತಲೂ ಮೂಸಿ, ಒಮ್ಮೆ ನೆಕ್ಕಿ, ಜೋರಾಗಿ ಸೀನಿ, ಬೆನ್ನು ತಿರುಗಿಸಿ ಹೋಯಿತು. ಅಜ್ಜಿಗೆ ಬೇಸರವಾಯಿತು.

"ಮೊದಲಿನ ಟೈರ್ ಚಲೋ ಇತ್ತು ಬಿಡ್ರೀ ಸಾಹೇಬ್ರ," ಅಂದಳು. "ಇದರಾಗ ಬರೇ ಗಾಳಿ ತುಂಬೀರಿ. ಇದನ್ನ ತಗೊಂಡು ಯಾರರ ಏನ್ ಮಾಡಬೇಕು?"